ಒಂದೇ ಅಪ್ಲಿಕೇಶನ್, ಎರಡು ಕಂಟೇನರ್

ಒಂದು ಕ್ಲಾಸ್ ತನಗೆ ಬೇಕಾದ ಆಬ್ಜೆಕ್ಟ್‌ಗಳನ್ನು ತಾನೇ ಹುಟ್ಟಿಸಿಕೊಳ್ಳದೆ ಹೊರಗಿನಿಂದ ಪಡೆಯಬೇಕು. ಡಿಪೆಂಡೆನ್ಸಿ ಇಂಜೆಕ್ಷನ್ ಅಂದರೆ ಇಷ್ಟೇ. ಇಷ್ಟು ಸರಳ ವಿಚಾರಕ್ಕೆ ಇಪ್ಪತ್ತು ವರ್ಷಗಳಲ್ಲಿ ಹತ್ತಾರು ಫ್ರೇಮ್‌ವರ್ಕ್‌ಗಳು ಬಂದವು. ಆಬ್ಜೆಕ್ಟ್‌ಗಳನ್ನು ಹೊಂದಿಸಿ ಕೊಡಲು ಒಂದೊಂದೂ ತನ್ನದೇ ಕಂಟೇನರ್ ತಂದಿತು, ಇಡೀ ಅಪ್ಲಿಕೇಶನ್ ತನ್ನ ಸುಪರ್ದಿಯಲ್ಲೇ ಇದೆ ಎಂದುಕೊಂಡಿತು. ಬೇರೆ ಬೇರೆ ಕಾಲದಲ್ಲಿ ಬರೆದ ಮಾಡ್ಯೂಲ್‌ಗಳನ್ನು ಸೇರಿಸಿ ಕೆಲಸ ಮಾಡಿಸಬೇಕಾದವರಿಗೆ ತಲೆನೋವು ಶುರುವಾದದ್ದು ಅಲ್ಲಿಂದ.

‘ಡಿಪೆಂಡೆನ್ಸಿ ಇಂಜೆಕ್ಷನ್’ ಎಂಬ ಹೆಸರು ನೆಲೆಯೂರಿದ್ದು 2004ರ ಜನವರಿಯಲ್ಲಿ ಮಾರ್ಟಿನ್ ಫೌಲರ್ ಬರೆದ ಲೇಖನದಿಂದ. ಅಷ್ಟರಲ್ಲಾಗಲೇ ಜಾವಾ ಲೋಕದಲ್ಲಿ ಪಿಕೋಕಂಟೇನರ್ ಇತ್ತು. ರಾಡ್ ಜಾನ್ಸನ್ 2002ರ ತಮ್ಮ ಪುಸ್ತಕದ ಜೊತೆ ಕೊಟ್ಟಿದ್ದ ಕೋಡ್‌ನಿಂದ ಬೆಳೆದ ಸ್ಪ್ರಿಂಗ್, 2004ರ ಮಾರ್ಚ್‌ನಲ್ಲಿ 1.0 ಆವೃತ್ತಿ ಕಂಡಿತು. ಆಗಿನ ಸ್ಪ್ರಿಂಗ್ ಎಂದರೆ ಎಕ್ಸ್‌ಎಂಎಲ್ ಫೈಲುಗಳ ರಾಶಿ. ಅದು ಬೇಡವೆನ್ನುವವರಿಗೆ ಗೂಗಲ್‌ನಲ್ಲಿದ್ದ ಬಾಬ್ ಲೀ 2007ರಲ್ಲಿ ಜ್ಯೂಸ್ ಕೊಟ್ಟರು (ಸ್ಪೆಲಿಂಗ್ ಶುರುವಾಗುವುದು ಮಾತ್ರ ‘ಜಿ’ಯಿಂದ). ಜೆಬಾಸ್ ಕಡೆಯಿಂದ ಗ್ಯಾವಿನ್ ಕಿಂಗ್ ಅವರ ಸೀಮ್ ಬಂತು, ಅದರ ಬೆನ್ನಿಗೆ ಸಿಡಿಐ (ಕಾಂಟೆಕ್ಸ್ಟ್ಸ್ ಅಂಡ್ ಡಿಪೆಂಡೆನ್ಸಿ ಇಂಜೆಕ್ಷನ್) ಮಾನದಂಡ.

2009ರಲ್ಲಿ ಜಾನ್ಸನ್ ಮತ್ತು ಲೀ ಒಟ್ಟಾಗಿ ಜೆಎಸ್‌ಆರ್-330 ಎಂಬ ಜಾವಾ ಮಾನದಂಡ ರೂಪಿಸಿದಾಗ ಕಂಟೇನರ್‌ಗಳ ಜಗಳ ಮುಗಿಯಿತೆಂದೇ ಬಹಳ ಜನ ತಿಳಿದರು. ಅದರಲ್ಲಿದ್ದದ್ದು ಐದು ಅನೊಟೇಶನ್, ಒಂದು ಇಂಟರ್‌ಫೇಸ್. ಇಷ್ಟು ಪುಟ್ಟದಾಗಿದ್ದರಿಂದಲೇ ಎಲ್ಲರೂ ಒಪ್ಪಿದರೆಂದು ಕಾಣುತ್ತದೆ. ಕಂಟೇನರನ್ನು ಹೇಗೆ ಸಜ್ಜುಗೊಳಿಸಬೇಕು, ಆಬ್ಜೆಕ್ಟ್‌ಗಳನ್ನು ಕೊನೆಗೆ ಯಾರು ಮುಚ್ಚಬೇಕು ಎಂಬ ಗೋಜಿಗೆ ಅದು ಹೋಗಲೇ ಇಲ್ಲ. ಅನೊಟೇಶನ್ ಒಂದೇ ಆಯಿತು, ನಡವಳಿಕೆ ಒಂದಾಗಲಿಲ್ಲ.

ಉದಾಹರಣೆಗೆ, ಬೆಲೆ ಲೆಕ್ಕ ಹಾಕುವ ಒಂದು ಕ್ಲಾಸ್ ಇದೆ, ಅದರೊಳಗೊಂದು ಸಣ್ಣ ಕ್ಯಾಶ್ ಇದೆ ಎಂದುಕೊಳ್ಳಿ. ಕನ್‌ಸ್ಟ್ರಕ್ಟರ್ ಮೇಲೆ ‘ಇಂಜೆಕ್ಟ್’ ಎಂದಿದೆ, ಸ್ಕೋಪ್ (ಆಬ್ಜೆಕ್ಟ್ ಎಷ್ಟು ಕಾಲ ಉಳಿಯಬೇಕೆಂಬುದು) ಏನೆಂದು ಬರೆದಿಲ್ಲ. ಜ್ಯೂಸ್ ಕೈಗೆ ಕೊಟ್ಟರೆ ಕೇಳಿದಾಗಲೆಲ್ಲ ಹೊಸ ಆಬ್ಜೆಕ್ಟ್ ಕೊಡುತ್ತದೆ. ಜೆಎಸ್‌ಆರ್-330 ಹೇಳುವುದೂ ಅದನ್ನೇ. ಸ್ಪ್ರಿಂಗ್ ಮಾತ್ರ ತನ್ನ ಹಳೆಯ ವಾಡಿಕೆಯಂತೆ ಇಡೀ ಅಪ್ಲಿಕೇಶನ್‌ಗೆ ಒಂದೇ ಆಬ್ಜೆಕ್ಟ್ ಇಟ್ಟುಕೊಳ್ಳುತ್ತದೆ. ಕೋಡ್‌ನಲ್ಲಿ ಒಂದಕ್ಷರ ಬದಲಾಗದಿದ್ದರೂ ಒಂದು ಕಡೆ ಕ್ಯಾಶ್ ಕೆಲಸ ಮಾಡುತ್ತದೆ, ಇನ್ನೊಂದು ಕಡೆ ಪ್ರತಿ ಸಲ ಖಾಲಿ. ಎರಡನ್ನೂ ಒಟ್ಟಿಗೆ ಓಡಿಸಿದರೆ ಇನ್ನೊಂದು ತೊಂದರೆ. ತನಗೆ ನೋಂದಣಿಯಾಗಿರದ ಕ್ಲಾಸನ್ನೂ ಜ್ಯೂಸ್ ಸಾಧ್ಯವಾದರೆ ತಾನೇ ಕಟ್ಟಿಕೊಡುತ್ತದೆ. ಸ್ಪ್ರಿಂಗ್ ಬಳಿ ಈಗಾಗಲೇ ಇರುವ ಆಬ್ಜೆಕ್ಟ್‌ಗೆ ಹೀಗೆ ಸದ್ದಿಲ್ಲದೆ ಒಂದು ಅವಳಿ ಹುಟ್ಟಿರುತ್ತದೆ. ದೋಷದ ಸಂದೇಶವೂ ಬರುವುದಿಲ್ಲ. ಎಲ್ಲ ಬೈಂಡಿಂಗ್‌ಗಳೂ (ನೋಂದಣಿಗಳೂ) ಸ್ಪಷ್ಟವಾಗಿರಲೇಬೇಕೆಂದು ಜ್ಯೂಸ್‌ಗೆ ಕಟ್ಟಪ್ಪಣೆ ಮಾಡುವ ಸೌಲಭ್ಯವಿದೆ. ಎರಡು ಕಂಟೇನರ್‌ಗಳ ನಡುವೆ ಸೇತುವೆ ಕಟ್ಟುವವರು ಮೊದಲು ಅದನ್ನು ಹಾಕಿಕೊಳ್ಳುವುದು ಕ್ಷೇಮ.

ಈ ಕೆಲಸವನ್ನು ಅಚ್ಚುಕಟ್ಟಾಗಿ ಮಾಡಿ ತೋರಿಸಿದ್ದು, ನನ್ನ ಮಟ್ಟಿಗೆ, ಜಾವಾ ಬಿಲ್ಡ್ ಸಾಧನ ಅಪಾಚೆ ಮೇವನ್. ಮೇವನ್ 2 ನಿಂತಿದ್ದು ಪ್ಲೆಕ್ಸಸ್ ಎಂಬ ಕಂಟೇನರ್ ಮೇಲೆ. ಲೋಕದ ತುಂಬ ಹರಡಿದ್ದ ಪ್ಲಗಿನ್‌ಗಳೆಲ್ಲ ಅದನ್ನೇ ನಂಬಿದ್ದವು. 2010ರಲ್ಲಿ ಮೇವನ್ 3.0 ಬಂದಾಗ ತಳದಲ್ಲಿ ಜ್ಯೂಸ್ ಕುಳಿತಿತ್ತು. ಸಿಸು ಎಂಬ ಪದರವೊಂದು ಹಳೆಯ ಪ್ಲೆಕ್ಸಸ್ ವಿವರಣೆಗಳನ್ನು ಓದಿ ಜ್ಯೂಸ್ ಬೈಂಡಿಂಗ್‌ಗಳಾಗಿ ಮಾರ್ಪಡಿಸುತ್ತಿತ್ತು. ಅಲ್ಲಿ ಎರಡು ಕಂಟೇನರ್‌ಗಳು ಸಮಬಲದಿಂದ ಓಡುತ್ತಿರಲಿಲ್ಲ ಎಂಬುದನ್ನು ಗಮನಿಸಬೇಕು. ಯಜಮಾನಿಕೆ ಜ್ಯೂಸ್‌ನದು, ಪ್ಲೆಕ್ಸಸ್‌ನದು ಬರೀ ಮುಖವಾಡ. ಹಳೆಯ ಪ್ಲಗಿನ್‌ಗಳು ಬದುಕಿಕೊಂಡವು. 3.1ರಿಂದ ಹೊಸ ಪ್ಲಗಿನ್‌ಗಳನ್ನು ಜೆಎಸ್‌ಆರ್-330 ಶೈಲಿಯಲ್ಲೇ ಬರೆಯಲು ಸಾಧ್ಯವಾಯಿತು.

ಡಾಟ್‌ನೆಟ್ ಕಡೆ ಹೋದರೆ ಜಗಳ ಇನ್ನೂ ಬಿಸಿ. 2016ರ ಎಎಸ್‌ಪಿ ಡಾಟ್‌ನೆಟ್ ಕೋರ್ ಜೊತೆ ಮೈಕ್ರೋಸಾಫ್ಟ್ ತನ್ನದೇ ಕಂಟೇನರ್ ಕೊಟ್ಟಿತು. ಬೇರೆಯದು ಬೇಕಿದ್ದವರು ಅದರ ನಡವಳಿಕೆಗೆ ಹೊಂದುವ ಅಡಾಪ್ಟರ್ ಬರೆಯಬೇಕಿತ್ತು. ಒಂದೇ ಇಂಟರ್‌ಫೇಸ್‌ಗೆ ಎರಡು ಸಲ ನೋಂದಾಯಿಸಿದರೆ ಕೊನೆಯದೇ ಗೆಲ್ಲಬೇಕೆಂಬುದೂ ಆ ನಡವಳಿಕೆಯ ಭಾಗ. ಆಟೋಫ್ಯಾಕ್ ಎಂಬ ಕಂಟೇನರ್ ಒಪ್ಪಿತು. ಅಂಥ ಅಸ್ಪಷ್ಟತೆಯನ್ನು ದೋಷವೆಂದೇ ಪರಿಗಣಿಸುವ ಸಿಂಪಲ್ ಇಂಜೆಕ್ಟರ್ ಒಪ್ಪಲಿಲ್ಲ. ಫ್ರೇಮ್‌ವರ್ಕ್‌ನ ಆಬ್ಜೆಕ್ಟ್‌ಗಳು ಅದರ ಕಂಟೇನರ್‌ನಲ್ಲೇ ಇರಲಿ, ಅಪ್ಲಿಕೇಶನ್‌ನವು ನಮ್ಮಲ್ಲಿರಲಿ, ಬೇಕಾದಷ್ಟನ್ನು ಮಾತ್ರ ಆಚೆಯಿಂದ ತರಿಸಿಕೊಳ್ಳೋಣ ಎಂಬುದು ಅದರ ನಿಲುವು. ಎಲ್ಲ ಕಂಟೇನರ್‌ಗಳಿಗೂ ಒಂದೇ ಅಚ್ಚು ಒತ್ತುವುದು ತಪ್ಪೆಂದು ಡಾಟ್‌ನೆಟ್ ಲೇಖಕ ಮಾರ್ಕ್ ಸೀಮನ್ 2014ರಲ್ಲೇ ವಾದಿಸಿದ್ದರು. ನನಗೂ ಅವರ ವಾದವೇ ಸರಿಯೆನಿಸುತ್ತದೆ.

ಈಚಿನ ದಾರಿ ಬೇರೆ. ಓಡುವಾಗ ಎರಡು ಕಂಟೇನರ್‌ಗಳನ್ನು ಸಂಭಾಳಿಸುವ ಬದಲು ಬಿಲ್ಡ್ ಹಂತದಲ್ಲೇ ಭಾಷಾಂತರ ಮುಗಿಸುವುದು. ಸ್ಪ್ರಿಂಗ್ ಅನೊಟೇಶನ್‌ಗಳನ್ನು ಬಿಲ್ಡ್ ವೇಳೆಗೇ ಸಿಡಿಐ ಆಗಿಸುವ ವಿಸ್ತರಣೆ ಕ್ವಾರ್ಕಸ್ ಎಂಬ ಜಾವಾ ಫ್ರೇಮ್‌ವರ್ಕ್‌ನಲ್ಲಿದೆ. ಆದರೆ ಒಂದು ಸಮಸ್ಯೆ ಇಳಿಯುವಷ್ಟರಲ್ಲಿ ಇನ್ನೊಂದು ಬಂತು: 2020ರ ಜಕಾರ್ತಾ ಇಇ 9ರಲ್ಲಿ ಪ್ಯಾಕೇಜಿನ ಹೆಸರು ‘ಜಾವಾಎಕ್ಸ್’ನಿಂದ ‘ಜಕಾರ್ತಾ’ ಆಗಿ, ಎರಡು ‘ಇಂಜೆಕ್ಟ್’ಗಳಾದವು. 2023ರ ಜ್ಯೂಸ್ 6 ಎರಡನ್ನೂ ಗುರುತಿಸುತ್ತದೆ. ಅದೇ ವರ್ಷದ ಜ್ಯೂಸ್ 7ಕ್ಕೆ ಹೊಸದು ಮಾತ್ರ ಗೊತ್ತು.

ಎರಡು ಕಂಟೇನರ್‌ಗಳಿರುವ ಅಪ್ಲಿಕೇಶನ್ ನಿಮ್ಮ ಪಾಲಿಗೆ ಬಂದಿದ್ದರೆ, ಸೇತುವೆಯ ಕೋಡ್ ಮುಟ್ಟುವ ಮೊದಲು ಒಂದು ಹಾಳೆ ತೆಗೆದುಕೊಳ್ಳಿ. ಯಾವುದು ಮೊದಲು ಶುರುವಾಗುತ್ತದೆ, ಯಾವುದು ಕೊನೆಗೆ ಮುಚ್ಚುತ್ತದೆ, ಡೇಟಾಬೇಸ್ ಸಂಪರ್ಕ ಯಾರ ವಶದಲ್ಲಿದೆ ಎಂಬುದನ್ನು ಬರೆದು ಇಡೀ ತಂಡಕ್ಕೆ ತೋರಿಸಿ.