ಪ್ರಕ್ರಿಯಾ ಸಲಹೆಗಾರನಿಂದ ಅಜೈಲ್ ಕೋಚ್‌ವರೆಗೆ: ಪುಣೆ–ಬೆಂಗಳೂರು ಸಾಫ್ಟ್‌ವೇರ್ ತಂಡಗಳ ಒಂದು ಪೂರ್ವೇತಿಹಾಸ

ಸಣ್ಣ ಸುತ್ತುಗಳಲ್ಲಿ ಸಾಫ್ಟ್‌ವೇರ್ ಕಟ್ಟುವ ಅಜೈಲ್ ಪದ್ಧತಿಯ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ 2001ರ ಫೆಬ್ರವರಿಯಿಂದ ಶುರುಮಾಡುತ್ತಾರೆ. ಅಮೆರಿಕದ ಯೂಟಾ ರಾಜ್ಯದ ಸ್ನೋಬರ್ಡ್‌ನಲ್ಲಿ 17 ಮಂದಿ ಕೂಡಿ ಪ್ರಣಾಳಿಕೆ ಬರೆದರು, ಅದು ಹಡಗು ಹತ್ತಿ ನಮ್ಮಲ್ಲಿಗೂ ಬಂತು ಎಂಬಷ್ಟಕ್ಕೆ ಕಥೆ ಮುಗಿಯುತ್ತದೆ. ಆದರೆ ತಂಡ ಕೆಲಸ ಮಾಡುವ ರೀತಿಯನ್ನು ತಿದ್ದಲೆಂದೇ ಹೊರಗಿನವರೊಬ್ಬರನ್ನು ಅದರ ಪಕ್ಕದಲ್ಲಿ ಕೂರಿಸುವ ರೂಢಿ ನಮ್ಮಲ್ಲಿ ಅದಕ್ಕಿಂತ ಹಳೆಯದು. ಪುಣೆಯ ಐಟಿ ಪ್ರದೇಶವಾದ ಹಿಂಜೆವಾಡಿಯಲ್ಲಿ ಇಂದು ಅಜೈಲ್ ಕೋಚ್ ಎನಿಸಿಕೊಂಡವರು ಕೂತಿರುವುದು ಬೇರೊಬ್ಬರು ಕೂತಿದ್ದ ಕುರ್ಚಿಯಲ್ಲಿ ಎಂಬುದು ಈ ಲೇಖನದ ವಾದ.

ಆ ಕುರ್ಚಿಯ ಜಾಡು ಪುಣೆಗೂ ಬೆಂಗಳೂರಿಗೂ ನಡುವೆ ಹರಡಿದೆ. ಇನ್ಫೋಸಿಸ್ 1981ರ ಜುಲೈಯಲ್ಲಿ ಹುಟ್ಟಿದ್ದು ಪುಣೆಯಲ್ಲಿ, ಎನ್.ಆರ್. ನಾರಾಯಣ ಮೂರ್ತಿ ಮತ್ತು ಸಂಗಡಿಗರು ಅದನ್ನು ಬೆಂಗಳೂರಿಗೆ ಒಯ್ದದ್ದು 1983ರಲ್ಲಿ. ಟಾಟಾ ಸಮೂಹದ ಸಂಶೋಧನಾ ಕೇಂದ್ರ ಟಿಆರ್‌ಡಿಡಿಸಿ ಪುಣೆಯಲ್ಲಿ ತಲೆಯೆತ್ತಿದ್ದೂ 1981ರಲ್ಲೇ. ಸಾಫ್ಟ್‌ವೇರ್ ಬರೆಯುವುದನ್ನು ಎಂಜಿನಿಯರಿಂಗ್ ಶಿಸ್ತಾಗಿ ಕಾಣುವ ಅಭ್ಯಾಸ ಹೀಗೆ ಎರಡೂ ಊರುಗಳಲ್ಲಿ ಬೇರುಬಿಟ್ಟಿತು. ಕಾರ್ಖಾನೆಗಳದು ಇನ್ನೊಂದು ಕವಲು. ಬಿಎಚ್‌ಇಎಲ್‌ನ ಹೈದರಾಬಾದ್ ಘಟಕದಲ್ಲಿ ಎಸ್.ಆರ್. ಉಡ್ಪ ಅವರು 1980ರಲ್ಲಿ ಆರಂಭಿಸಿದ ಕ್ವಾಲಿಟಿ ಸರ್ಕಲ್‌ಗಳಲ್ಲಿ ಕಾರ್ಮಿಕರೇ ಕೂತು ತಮ್ಮ ಕೆಲಸದ ತೊಡಕುಗಳನ್ನು ಬಿಡಿಸುತ್ತಿದ್ದರು. ಮಾತು ದಾರಿ ತಪ್ಪದಂತೆ ನೋಡಿಕೊಳ್ಳಲು ಒಬ್ಬ ಫೆಸಿಲಿಟೇಟರ್ ಇರುತ್ತಿದ್ದರು. ಅಜೈಲ್‌ನ ಒಂದು ಕ್ರಮವಾದ ಸ್ಕ್ರಮ್‌ನ ಹೆಸರಿಗೆ ಮೂಲವಾದ 1986ರ ತಾಕೆಯುಚಿ–ನೊನಾಕಾ ಲೇಖನವೂ ಹೆಚ್ಚಾಗಿ ಜಪಾನಿನ ತಯಾರಿಕಾ ಕಂಪನಿಗಳನ್ನು ಕುರಿತದ್ದು. ಪಿಂಪ್ರಿ–ಚಿಂಚವಡದ ವಾಹನ ಕಾರ್ಖಾನೆಗಳಿಂದ ಹಿಂಜೆವಾಡಿಗೆ ಕೆಲವೇ ಕಿಲೋಮೀಟರ್. ಆದರೂ ನಿರಂತರ ಸುಧಾರಣೆಯ ಜಪಾನಿ ಕ್ರಮವಾದ ಕೈಜೆನ್ ಅರಿತ ಫೋರ್‌ಮನ್‌ನನ್ನು ಕರೆದು ಕೇಳುವ ಬುದ್ಧಿ ಸಾಫ್ಟ್‌ವೇರ್‌ನವರಿಗೆ ಹೊಳೆದಂತೆ ಕಾಣುವುದಿಲ್ಲ. ಅದೇ ಪಾಠ ಅಮೆರಿಕ ಸುತ್ತಿಕೊಂಡು ಬಂದಾಗ ಶುಲ್ಕ ಕಟ್ಟಿ ಕಲಿತರು.

ಸಾಫ್ಟ್‌ವೇರ್‌ನವರನ್ನು ಮೊದಲು ಹಿಡಿದಲುಗಿಸಿದ್ದು ಸಿಎಂಎಂ (ಕೆಪಬಿಲಿಟಿ ಮೆಚ್ಯುರಿಟಿ ಮಾಡೆಲ್). ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಸಾಫ್ಟ್‌ವೇರ್ ಎಂಜಿನಿಯರಿಂಗ್ ಸಂಸ್ಥೆಯಲ್ಲಿ ವಾಟ್ಸ್ ಹಂಫ್ರಿ ಅವರ ಚಿಂತನೆಯಿಂದ ರೂಪುಗೊಂಡ ಈ ಅಳತೆಗೋಲಿಗೆ ಐದು ಹಂತ. ಸಾವಿರಾರು ಮೈಲಿ ದೂರದ ಗಿರಾಕಿಗೆ ಇಲ್ಲಿನ ಕೆಲಸ ಕಣ್ಣಿಗೆ ಬೀಳದು, ಪ್ರಮಾಣಪತ್ರ ಬೀಳುತ್ತದೆ. ಹೀಗಾಗಿ ನಮ್ಮ ಕಂಪನಿಗಳು ಐದನೇ ಹಂತಕ್ಕೆ ಪೈಪೋಟಿ ನಡೆಸಿದವು. ಇನ್ಫೋಸಿಸ್ ಅದನ್ನು ಮುಟ್ಟಿದ್ದು 1999ರಲ್ಲಿ. ಅಲ್ಲಿ ಗುಣಮಟ್ಟ ವಿಭಾಗದ ಹೊಣೆ ಹೊತ್ತಿದ್ದ ಪಂಕಜ್ ಜಲೋಟೆ ಬರೆದ ‘ಸಿಎಂಎಂ ಇನ್ ಪ್ರಾಕ್ಟೀಸ್’ ನಮ್ಮ ಮಟ್ಟಿಗೆ ಅಮೂಲ್ಯ ಆಕರ. ಪ್ರತಿ ಪ್ರಾಜೆಕ್ಟ್‌ಗೂ ಪ್ರಕ್ರಿಯಾ ತಂಡದಿಂದ ಒಬ್ಬ ಗುಣಮಟ್ಟ ಸಲಹೆಗಾರ ನೇಮಕವಾಗುತ್ತಿದ್ದುದು ಅದರಿಂದ ತಿಳಿಯುತ್ತದೆ. ಯೋಜನೆ ಹೆಣೆಯುವಾಗ ನೆರವಾಗುವುದು, ಪ್ರಕ್ರಿಯೆ ಪಾಲನೆಯಾಗುತ್ತಿದೆಯೇ ಎಂದು ಗಮನಿಸುವುದು, ದೋಷಗಳ ಅಂಕಿಅಂಶ ಓದಿ ಹೇಳುವುದು ಆತನ ಕೆಲಸ. ನೆರವು ಮತ್ತು ನಿಗಾ ಒಬ್ಬನದೇ ಪಾಲಿಗೆ ಬಂದವು. ಮುಂದಿನ ಗೋಜಲಿಗೆಲ್ಲ ಮೂಲ ಇಲ್ಲಿದೆ.

ಕೋಚ್ ಎಂಬ ಪಾತ್ರಕ್ಕೆ ಪುಸ್ತಕದಲ್ಲಿ ಜಾಗ ಸಿಕ್ಕಿದ್ದೂ 1999ರಲ್ಲೇ, ಕೆಂಟ್ ಬೆಕ್ ಅವರ ಎಕ್ಸ್‌ಟ್ರೀಮ್ ಪ್ರೋಗ್ರಾಮಿಂಗ್ ಕೃತಿಯಲ್ಲಿ. ಈ ಕೋಚ್ ವರದಿ ಕೇಳುವವನಲ್ಲ, ತಂಡದೊಳಗಿದ್ದು ಅದರ ಜೊತೆ ಕೋಡ್ ಬರೆಯಬಲ್ಲವನು. ಸಾಫ್ಟ್‌ವೇರ್ ಕಂಪನಿ ಥಾಟ್‌ವರ್ಕ್ಸ್ ಬೆಂಗಳೂರಿನಲ್ಲಿ ಕಚೇರಿ ತೆರೆದ ಮೇಲೆ ಅದರ ಮಾರ್ಟಿನ್ ಫೌಲರ್ ಅಲ್ಲಿನ ಅನುಭವವನ್ನು ದೀರ್ಘ ಪ್ರಬಂಧವಾಗಿಸಿದರು. ಎರಡು ದೇಶದ ತಂಡಗಳು ಪರಸ್ಪರ ರಾಯಭಾರಿಗಳನ್ನು ಕಳಿಸಿಕೊಳ್ಳಬೇಕು, ಮೇಲಿನವರನ್ನು ಪ್ರಶ್ನಿಸಲು ಹಿಂಜರಿಯುವ ವಾತಾವರಣ ಬದಲಾಗಲು ಸಮಯ ಹಿಡಿಯುತ್ತದೆ ಎಂದು ಅವರು ಬರೆದದ್ದು ಪುಣೆಗೂ ಹಾಗೆಯೇ ಹೊಂದುತ್ತದೆ.

ಆ ಹಿಂಜರಿಕೆಯನ್ನು ಹತ್ತಿರದಿಂದ ನೋಡಬೇಕಿದ್ದರೆ ರೆಟ್ರೊಗೆ, ಅಂದರೆ ಸ್ಪ್ರಿಂಟ್ ಎಂಬ ಕೆಲಸದ ಸುತ್ತು ಮುಗಿದ ಮೇಲೆ ತಂಡ ನಡೆಸುವ ಹಿನ್ನೋಟದ ಸಭೆಗೆ, ಬರಬೇಕು. ಎರಡು ವಾರದ ಸ್ಪ್ರಿಂಟ್ ಮುಗಿದಿದೆ. ಬೋರ್ಡಿನಲ್ಲಿ ಮೂರು ಅಂಕಣ: ಚೆನ್ನಾಗಿ ನಡೆದದ್ದು, ಕೆಟ್ಟದ್ದು, ಮುಂದೆ ಮಾಡಬೇಕಾದ್ದು. ಮ್ಯಾನೇಜರ್ ಮೊದಲು ಮಾತಾಡಿದರೆ ಮುಗಿಯಿತು, ಉಳಿದವರೆಲ್ಲ ಅದಕ್ಕೇ ತಲೆಯಾಡಿಸುತ್ತಾರೆ. ಮಧ್ಯದ ಅಂಕಣ ಖಾಲಿ ಉಳಿಯುತ್ತದೆ. ಅನುಭವಿ ಕೋಚ್ ಮ್ಯಾನೇಜರ್‌ಗೆ ಹೊರಗಿರುವಂತೆ ಮೊದಲೇ ಹೇಳಿರುತ್ತಾರೆ. ಎಲ್ಲರಿಗೂ ಬಣ್ಣದ ಚೀಟಿ ಹಂಚಿ, ಐದು ನಿಮಿಷ ತುಟಿ ಬಿಚ್ಚದೆ ಹೆಸರಿಲ್ಲದೆ ಬರೆಯಲು ಹೇಳಿ, ತಂಡಕ್ಕೆ ಹೊಸದಾಗಿ ಸೇರಿದ ಹುಡುಗಿಯ ಕೈಗೆ ಅಷ್ಟನ್ನೂ ಕೊಟ್ಟು ಓದಿಸುತ್ತಾರೆ. ಗಿರಾಕಿಯ ಉತ್ತರ ನಡುರಾತ್ರಿ ಬರುವುದರಿಂದ ಟೆಸ್ಟಿಂಗ್‌ನವರು ಇಡೀ ಹಗಲು ಕೈಕಟ್ಟಿ ಕೂರುತ್ತಾರೆ ಎಂಬಂಥ ಸಂಗತಿ ಹೊರಬೀಳುವುದು ಆಗಲೇ. ನಾರ್ಮನ್ ಕರ್ತ್ 2001ರಲ್ಲಿ, ಎಸ್ತರ್ ಡರ್ಬಿ ಮತ್ತು ಡಯಾನಾ ಲಾರ್ಸನ್ 2006ರಲ್ಲಿ ರೆಟ್ರೊ ಕುರಿತು ಪುಸ್ತಕ ತಂದರು. ಯಾರ ಮೇಲೂ ತಪ್ಪು ಹೊರಿಸದೆ ಮಾತು ಆರಂಭಿಸಬೇಕೆಂಬ ಕರ್ತ್ ಅವರ ನಿಯಮ ಅಪ್ರೈಸಲ್ ಭಯದ ನಮ್ಮ ಕಚೇರಿಗಳಲ್ಲಿ ಪಾಲಿಸಲು ಕಷ್ಟ, ಅದಕ್ಕೇ ಹೆಚ್ಚು ಅಗತ್ಯ.

ಕೋಚ್‌ನ ಈ ಪಾತ್ರ ಸಂಶೋಧನೆಯಲ್ಲೂ ಕಾಣುತ್ತದೆ. ನ್ಯೂಜಿಲೆಂಡ್ ಮತ್ತು ಭಾರತದ 23 ಸಂಸ್ಥೆಗಳ 58 ಮಂದಿಯನ್ನು ಆಧರಿಸಿ ರಶೀನಾ ಹೋಡಾ ಮತ್ತು ಸಹಲೇಖಕರು 2013ರಲ್ಲಿ ಪ್ರಕಟಿಸಿದ ಅಧ್ಯಯನ ಸ್ವಸಂಘಟಿತ ತಂಡಗಳಲ್ಲಿ ಆರು ಅನೌಪಚಾರಿಕ ಪಾತ್ರಗಳನ್ನು ಗುರುತಿಸುತ್ತದೆ. ಮಾರ್ಗದರ್ಶಕ ಅವುಗಳಲ್ಲೊಂದು. ಅವರದೇ 2010ರ ಪ್ರಬಂಧ ನನಗೆ ಇನ್ನೂ ರುಚಿಸಿದ್ದು: ಗಿರಾಕಿಗೆ ಒಲವಿಲ್ಲದಿದ್ದಾಗ ಕೆಲವು ತಂಡಗಳು ಅವನಿಗೆ ಗೊತ್ತಾಗದಂತೆಯೇ ಅಜೈಲ್ ಪಾಲಿಸುತ್ತಿದ್ದವು.

ಕಾಲ ತಿರುಗಿ ಗಿರಾಕಿಯೇ ಅಜೈಲ್ ಕೇಳತೊಡಗಿದ. 2020ರೊಳಗೆ ಇಡೀ ಕಂಪನಿಯನ್ನು ಅಜೈಲ್ ಮಾಡುವುದಾಗಿ ಟಿಸಿಎಸ್ ಘೋಷಿಸಿತು. ಇಷ್ಟು ದೊಡ್ಡ ಪ್ರಮಾಣಕ್ಕೆ ಲೆಕ್ಕ ಬೇಕೇಬೇಕು, ಲೆಕ್ಕ ಬಂದಲ್ಲಿ ಹಳೆಯ ನಿಗಾ ಮರಳುತ್ತದೆ. ಒಂದು ಸ್ಪ್ರಿಂಟ್‌ನಲ್ಲಿ ಎಷ್ಟು ಪಾಯಿಂಟಿನ ಕೆಲಸ ಮುಗಿಯಿತು ಎಂದು ಹೇಳುವ, ತಂಡದ ಸ್ವಂತ ಅಂದಾಜಿಗೆಂದು ಹುಟ್ಟಿದ ವೆಲಾಸಿಟಿ ಮೇಲಿನವರ ಡ್ಯಾಶ್‌ಬೋರ್ಡ್ ಸೇರಿದ ಕೂಡಲೆ ಮೂರು ಪಾಯಿಂಟಿನ ಕೆಲಸ ಐದಾಗುತ್ತದೆ. ಅಂಕಿ ಏರುತ್ತದೆ, ಕೆಲಸ ಇದ್ದಲ್ಲೇ ಇರುತ್ತದೆ. ಆ ಅಂಕಿಯನ್ನು ಒಟ್ಟುಗೂಡಿಸಿ ಕಳಿಸುವ ಕೆಲಸ ಬಿದ್ದದ್ದು ಕೋಚ್‌ಗಳ ತಲೆಗೇ. ಇನ್ನು 2023ರ ಜನವರಿಯಲ್ಲಿ ಅಮೆರಿಕದ ಕ್ಯಾಪಿಟಲ್ ಒನ್ ಬ್ಯಾಂಕು 1,100ಕ್ಕೂ ಹೆಚ್ಚು ಅಜೈಲ್ ಹುದ್ದೆಗಳನ್ನು ರದ್ದುಮಾಡಿ, ಆ ಕೆಲಸವನ್ನು ಎಂಜಿನಿಯರಿಂಗ್ ಮತ್ತು ಪ್ರಾಡಕ್ಟ್ ಮ್ಯಾನೇಜರ್‌ಗಳಿಗೆ ವಹಿಸಿತು. ರೆಟ್ರೊ ಮುಗಿಯುವವರೆಗೆ ಹೊರಗಿರಿ ಎಂದು ಕೋಚ್‌ಗಳು ಕೇಳಿಕೊಳ್ಳುತ್ತಿದ್ದುದು ಇಂಥ ಮ್ಯಾನೇಜರ್‌ಗಳನ್ನೇ.