ಬೆರಳ ತುದಿಯ ರಕ್ತ ಹೇಳುವುದೆಷ್ಟು?

ರಾತ್ರಿ ನಾಲ್ಕೈದು ಸಲ ಏಳಬೇಕಾದರೂ, ಉಚ್ಚೆ ಕಟ್ಟಿ ಕಟ್ಟಿ ಬಂದರೂ ಚಾಮರಾಜನಗರ ಜಿಲ್ಲೆಯ ಉಮ್ಮತ್ತೂರು, ಸಂತೆಮರಹಳ್ಳಿ ಕಡೆಯ ಹಿರಿಯರು ‘ವಯಸ್ಸಾಯ್ತಲ್ಲ, ಇರೋದೇ ಬುಡಿ’ ಅನ್ನುತ್ತಾರೆ. ಬಹಳ ಮಂದಿಯ ವಿಷಯದಲ್ಲಿ ಅದು ನಿಜ. ವಯಸ್ಸಾದಂತೆ ಪ್ರಾಸ್ಟೇಟ್ ಗ್ರಂಥಿ ದಪ್ಪವಾಗುತ್ತದೆ, ಅದು ಕ್ಯಾನ್ಸರ್ ಅಲ್ಲ. ಕೆಲವರಿಗೆ ಮಾತ್ರ ಸೊಂಟನೋವು ಬಿಡದೆ ಕಾಡಿ, ಪರೀಕ್ಷಿಸಿದಾಗ ಕ್ಯಾನ್ಸರ್ ಮೂಳೆಗೆ ಹರಡಿರುತ್ತದೆ. ಇವರನ್ನು ಮೊದಲೇ ಗುರುತಿಸಲು ರಕ್ತಪರೀಕ್ಷೆ ಸಾಕೇ?

1938ರಲ್ಲಿ ಅಮೆರಿಕದ ಗುಟ್‌ಮನ್ ದಂಪತಿ ಇಂಥ ರೋಗಿಗಳ ರಕ್ತದಲ್ಲಿ ಆಸಿಡ್ ಫಾಸ್ಫಟೇಸ್ ಎಂಬ ಕಿಣ್ವ ಏರಿರುವುದನ್ನು ತೋರಿಸಿದರು. ಆದರೆ ಅದು ಏರುತ್ತಿದ್ದುದು ಹೆಚ್ಚಾಗಿ ರೋಗ ಹರಡಿದ ಮೇಲೆ. 1979ರಲ್ಲಿ ಬಫಲೋದ ರಾಸ್‌ವೆಲ್ ಪಾರ್ಕ್ ಸಂಸ್ಥೆಯಲ್ಲಿ ಪಿಎಸ್‌ಎ ಎಂಬ ಪ್ರೋಟೀನನ್ನು ಶುದ್ಧೀಕರಿಸಿದರು. 1986ರಲ್ಲಿ ಅಮೆರಿಕ ರಕ್ತದಲ್ಲಿ ಅದನ್ನು ಅಳೆಯುವ ಪರೀಕ್ಷೆಗೆ ಅನುಮತಿ ಕೊಟ್ಟದ್ದು ಚಿಕಿತ್ಸೆ ಪಡೆದವರ ಮೇಲೆ ನಿಗಾ ಇಡಲು. ರೋಗ ಪತ್ತೆಗೆ ಅನುಮತಿ ಸಿಕ್ಕಿದ್ದು 1994ರಲ್ಲಿ.

ಮಿಲಿಲೀಟರಿಗೆ 4 ನ್ಯಾನೊಗ್ರಾಂ ಎಂಬ ಗಡಿ ಆಗಲೇ ರೂಢಿಗೆ ಬಂದಿತ್ತು. ಕೆಲವು ರ್‍ಯಾಪಿಡ್ ಕಾರ್ಡ್‌ಗಳೂ ಅದನ್ನೇ ನೆಚ್ಚಿಕೊಂಡಿವೆ. ಬೆರಳು ಚುಚ್ಚಿ ಒಂದು ಹನಿ ರಕ್ತ, ಮೇಲೆ ದ್ರಾವಣ ಹಾಕಿದರೆ ಕೆಲವೇ ನಿಮಿಷದಲ್ಲಿ ಗೆರೆ ಮೂಡುತ್ತದೆ. ಆದರೆ 4.2 ಇದೆಯೋ 40 ಇದೆಯೋ ಎಂಬುದು ಬರೀ ಗೆರೆಯಿಂದ ಸರಿಯಾಗಿ ತಿಳಿಯದು, ವೈದ್ಯರಿಗೆ ಬೇಕಿರುವುದು ಆ ಅಂಕಿಯೇ. ಮೂತ್ರದ ಸೋಂಕಿದ್ದರೂ, ಕ್ಯಾಥೆಟರ್ ಹಾಕಿದ್ದರೂ, ಗ್ರಂಥಿ ಸುಮ್ಮನೆ ದಪ್ಪಗಾಗಿದ್ದರೂ ಪಿಎಸ್‌ಎ ಏರುತ್ತದೆ. 4ರಿಂದ 10ರೊಳಗಿರುವ ನಾಲ್ವರಲ್ಲಿ ಸುಮಾರು ಒಬ್ಬರಿಗಷ್ಟೇ ಕ್ಯಾನ್ಸರ್. ಗಡಿಗಿಂತ ಕಡಿಮೆಯಿದ್ದವರಿಗೆಲ್ಲ ಕ್ಯಾನ್ಸರ್ ಇಲ್ಲವೆಂದೂ ಅಲ್ಲ.

ಹಾಗಾದರೆ ಎಲ್ಲರನ್ನೂ ಪರೀಕ್ಷಿಸಿದರೆ ಜೀವ ಉಳಿದೀತೇ? 2009ರಲ್ಲಿ ಎರಡು ದೊಡ್ಡ ಅಧ್ಯಯನಗಳು ಒಂದಕ್ಕೊಂದು ವಿರುದ್ಧ ಉತ್ತರ ಕೊಟ್ಟವು. ಅಮೆರಿಕದ್ದು ಈ ಕ್ಯಾನ್ಸರಿನಿಂದಾಗುವ ಸಾವು ತಗ್ಗಿಲ್ಲ ಎಂದಿತು. ಆದರೆ ಅಲ್ಲಿ ಹೋಲಿಕೆಯ ಗುಂಪಿನವರೂ ಹೊರಗಡೆ ಪರೀಕ್ಷೆ ಮಾಡಿಸಿಕೊಂಡಿದ್ದರು. ಯುರೋಪಿನದು ಆ ಸಾವು ಶೇ 20ರಷ್ಟು ತಗ್ಗಿದೆ ಎಂದಿತು. ಒಂದು ಸಾವು ತಪ್ಪಿಸಲು 1,410 ಮಂದಿಯನ್ನು ಪರೀಕ್ಷಿಸಿ, ಹೆಚ್ಚುವರಿಯಾಗಿ 48 ಮಂದಿಗೆ ಚಿಕಿತ್ಸೆ ಕೊಡಬೇಕಿತ್ತು. ಅದೇ ಅಧ್ಯಯನ 23 ವರ್ಷ ತುಂಬಿದ ಮೇಲೆ, 2025ರಲ್ಲಿ, 456 ಮಂದಿಯನ್ನು ಕರೆದರೆ ಒಂದು ಸಾವು ತಪ್ಪುತ್ತದೆ ಎಂಬ ಲೆಕ್ಕಕ್ಕೆ ಬಂದಿತು. ಲಾಭವಿದೆ, ಆದರೆ ನಿಧಾನ. ಎಂದೂ ತೊಂದರೆ ಕೊಡದಿದ್ದ ಗಡ್ಡೆಗೆ ಶಸ್ತ್ರಚಿಕಿತ್ಸೆಯಾಗಿ ಉಚ್ಚೆ ಹಿಡಿತ ತಪ್ಪಿದವರ ಪಾಡನ್ನೂ ಈ ಲೆಕ್ಕದಲ್ಲಿ ಇಟ್ಟೇ ಮಾತಾಡಬೇಕು. ಅದಕ್ಕೇ ಈಗ ಬಯಾಪ್ಸಿಗೆ ಮೊದಲು ಎಂಆರ್‌ಐ. ಅಪಾಯ ಕಡಿಮೆಯಿದ್ದರೆ ಕತ್ತರಿ ಹಾಕದೆ ನಿಗಾ.

ನಮ್ಮ ರಾಷ್ಟ್ರೀಯ ಕಾರ್ಯಕ್ರಮ 30 ದಾಟಿದವರಲ್ಲಿ ಬಾಯಿ, ಸ್ತನ, ಗರ್ಭಕಂಠದ ಕ್ಯಾನ್ಸರ್ ತಪಾಸಣೆಯನ್ನಷ್ಟೇ ಸೇರಿಸಿಕೊಂಡಿದೆ. ಪ್ರಾಸ್ಟೇಟ್ ಅದರಲ್ಲಿಲ್ಲ, ಇಲ್ಲದಿರುವುದು ಸದ್ಯಕ್ಕೆ ಸರಿಯೆಂದೇ ನನ್ನ ಎಣಿಕೆ. ಊರಲ್ಲಿ ಶಿಬಿರ ಹಾಕಿ ಕಾರ್ಡ್ ಹಿಡಿಸುವುದು ಸುಲಭ. ಗೆರೆ ಮೂಡಿದ ರೈತನಿಗೆ ಮುಂದೆ ಎಂಆರ್‌ಐ, ಬಯಾಪ್ಸಿ, ಯೂರಾಲಜಿಸ್ಟ್ ಬೇಕು. ಅದಕ್ಕಾಗಿ ಮೈಸೂರಿಗೋ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೋ ಅಲೆಯಬೇಕಾದರೆ ಕೂಲಿಯೂ ಹೋಗುತ್ತದೆ, ನಿದ್ದೆಯೂ ಹೋಗುತ್ತದೆ. ಅದಕ್ಕಿಂತ ಮೊದಲು ಉಚ್ಚೆಯ ತೊಂದರೆ ಇರುವವರಿಗೆ, ಬಿಡದ ಸೊಂಟನೋವಿನ ಹಿರಿಯರಿಗೆ, ಅಪ್ಪನಿಗೋ ಅಣ್ಣನಿಗೋ ಈ ರೋಗ ಬಂದವರಿಗೆ ವೈದ್ಯರ ತಪಾಸಣೆಯ ಜೊತೆ ಲ್ಯಾಬಿನಲ್ಲಿ ಅಂಕಿ ಸಿಗುವ ಪಿಎಸ್‌ಎ ಪರೀಕ್ಷೆ ಆಗಲಿ. 2016ರಲ್ಲಿ ಆರಂಭವಾದ ಚಾಮರಾಜನಗರದ ವೈದ್ಯಕೀಯ ಕಾಲೇಜು ಈ ಕೆಲಸ ಹೊರಬಲ್ಲದು: ಹಳ್ಳಿಯ ಆರೋಗ್ಯ ಕೇಂದ್ರದಿಂದ ಚೀಟಿ, ಜಿಲ್ಲೆಯಲ್ಲಿ ರಕ್ತಪರೀಕ್ಷೆ, ಅಂಕಿ ಏರಿದ್ದರೆ ಕೆಲ ವಾರ ಬಿಟ್ಟು ಇನ್ನೊಮ್ಮೆ, ಆಮೇಲಷ್ಟೇ ಮೈಸೂರು.