ಐಹೊಳೆ ಪರಿಸರದ ಹಿರಿಯ ಪ್ರಾಥಮಿಕ ಶಿಕ್ಷಣ

ಬಾಗಲಕೋಟೆ ಜಿಲ್ಲೆಯ ಹುನಗುಂದ ತಾಲ್ಲೂಕಿನ ಐಹೊಳೆ ಮಲಪ್ರಭಾ ನದಿಯ ದಡದಲ್ಲಿರುವ ಐತಿಹಾಸಿಕ ಗ್ರಾಮ. ಐಹೊಳೆ ಹಾಗೂ ನೆರೆಯ ಬಾದಾಮಿ, ಇಳಕಲ್ ಭಾಗಗಳಲ್ಲಿ 6ರಿಂದ 8ನೆಯ ತರಗತಿಯ ಶಿಕ್ಷಣವು ಬಹುಮಟ್ಟಿಗೆ ಸರ್ಕಾರಿ ಶಾಲೆಗಳನ್ನು ಅವಲಂಬಿಸಿದೆ. ಕರ್ನಾಟಕದಲ್ಲಿ ಈ ಹಂತಕ್ಕೆ ಸಾಮಾನ್ಯವಾಗಿ ಪ್ರತ್ಯೇಕ ಶಾಲೆ ಇರುವುದಿಲ್ಲ. ಹಿರಿಯ ಪ್ರಾಥಮಿಕ ಶಾಲೆಯು 7 ಅಥವಾ 8ನೆಯ ತರಗತಿಗೆ ಮುಗಿಯುತ್ತದೆ. 7ಕ್ಕೆ ಮುಗಿದಲ್ಲಿ ಮಕ್ಕಳು 8ನೆಯ ತರಗತಿಗೆ ಪ್ರೌಢಶಾಲೆ ಸೇರುತ್ತಾರೆ.

ಹಿನ್ನೆಲೆ

1956ರ ಏಕೀಕರಣದವರೆಗೆ ಈ ಪ್ರದೇಶವು ಮುಂಬಯಿ ಆಡಳಿತಕ್ಕೆ ಸೇರಿತ್ತು. ಆಗ 7ನೆಯ ತರಗತಿಯ ಮುಲ್ಕಿ ಪರೀಕ್ಷೆಗೆ ಬಹಳ ಮಹತ್ವವಿತ್ತು. ಅದರಲ್ಲಿ ಉತ್ತೀರ್ಣರಾದವರು ಶಿಕ್ಷಕ ವೃತ್ತಿಗೆ ಸೇರಬಹುದಿತ್ತು. ಬಾಗಲಕೋಟೆಯು 1997ರಲ್ಲಿ ಬಿಜಾಪುರದಿಂದ (ಇಂದಿನ ವಿಜಯಪುರ) ಬೇರ್ಪಟ್ಟು ಜಿಲ್ಲೆಯಾಯಿತು. 2011ರ ಜನಗಣತಿಯಂತೆ ಜಿಲ್ಲೆಯ ಸಾಕ್ಷರತೆ ಶೇ. 68.82, ರಾಜ್ಯದ ಸರಾಸರಿ ಶೇ. 75.36.

ದಾಖಲಾತಿ

ಬಿಸಿಯೂಟ ನೀಡುವ ಅಕ್ಷರ ದಾಸೋಹ ಯೋಜನೆಯು 2002ರಲ್ಲಿ ಮೊದಲು ಆರಂಭವಾದ ಏಳು ಜಿಲ್ಲೆಗಳಲ್ಲಿ ಬಾಗಲಕೋಟೆಯೂ ಒಂದು. 2006-07ರಲ್ಲಿ 8ನೆಯ ತರಗತಿಯ ಮಕ್ಕಳಿಗೆ ಬೈಸಿಕಲ್ ವಿತರಣೆಯೂ 2013ರಲ್ಲಿ ಹಾಲು ನೀಡುವ ಕ್ಷೀರಭಾಗ್ಯವೂ ಜಾರಿಗೆ ಬಂದವು.

6ನೆಯ ತರಗತಿಯಲ್ಲಿ ದಾಖಲಾತಿ ಇಳಿದರೆ ಅಷ್ಟೂ ಮಕ್ಕಳು ಶಾಲೆ ಬಿಟ್ಟರೆಂದು ಅರ್ಥವಲ್ಲ. ಮೊರಾರ್ಜಿ ದೇಸಾಯಿ ವಸತಿ ಶಾಲೆ, ನವೋದಯ ವಿದ್ಯಾಲಯಗಳು ಪ್ರವೇಶ ಪರೀಕ್ಷೆಯ ಮೂಲಕ ಇದೇ ತರಗತಿಗೆ ಮಕ್ಕಳನ್ನು ಸೇರಿಸಿಕೊಳ್ಳುತ್ತವೆ. ಕೆಲವರು ಖಾಸಗಿ ಆಂಗ್ಲ ಮಾಧ್ಯಮ ಶಾಲೆಗಳಿಗೆ ಹೋಗುತ್ತಾರೆ. ಇದಕ್ಕೆ ಭಿನ್ನವಾಗಿ, ದುಡಿಯಲು ಗುಳೆ ಹೋಗುವ ಕುಟುಂಬಗಳ ಮಕ್ಕಳ ಹೆಸರು ಹಾಜರಿ ಪುಸ್ತಕದಲ್ಲಿದ್ದರೂ ಅವರು ತರಗತಿಯಲ್ಲಿ ಇರುವುದಿಲ್ಲ. ಆದ್ದರಿಂದ ದಾಖಲಾತಿಯ ಜೊತೆಗೆ ಹಾಜರಾತಿಯನ್ನೂ ವರ್ಗಾವಣೆ ಪತ್ರಗಳನ್ನೂ ನೋಡಬೇಕಾಗುತ್ತದೆ. 2009 ಮತ್ತು 2019ರ ಮಲಪ್ರಭಾ ಪ್ರವಾಹಗಳು ನದಿತೀರದ ಜನಜೀವನವನ್ನು ಅಸ್ತವ್ಯಸ್ತಗೊಳಿಸಿದವು.

ಶಿಕ್ಷಕರು ಮತ್ತು ಕಲಿಕೆ

2010ರಲ್ಲಿ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ 6ರಿಂದ 8ನೆಯ ತರಗತಿಗೆ 35 ಮಕ್ಕಳಿಗೆ ಒಬ್ಬ ಶಿಕ್ಷಕರಿರಬೇಕು. ವಿಜ್ಞಾನ-ಗಣಿತ, ಸಮಾಜ ವಿಜ್ಞಾನ ಹಾಗೂ ಭಾಷೆಗೆ ತಲಾ ಒಬ್ಬರಾದರೂ ಬೇಕು. ವರ್ಷಕ್ಕೆ 220 ಕೆಲಸದ ದಿನಗಳೂ 1,000 ಬೋಧನಾ ಗಂಟೆಗಳೂ ನಿಗದಿಯಾಗಿವೆ.

ಮಕ್ಕಳ ಸಂಖ್ಯೆ ಕಡಿಮೆಯಾದ ಶಾಲೆಯ ಶಿಕ್ಷಕರನ್ನು ಹೆಚ್ಚುವರಿ ಎಂದು ಪರಿಗಣಿಸಿ ಬೇರೆಡೆಗೆ ನಿಯೋಜಿಸುವ ಪದ್ಧತಿಯಿದೆ. ಉಳಿದವರು ತಮ್ಮದಲ್ಲದ ವಿಷಯಗಳನ್ನೂ ಬೋಧಿಸಬೇಕಾಗುತ್ತದೆ. ಗಣಿತ, ಇಂಗ್ಲಿಷ್ ಕಲಿಕೆ ಕುಂದಿದರೆ ಪಾಲಕರು ಮಕ್ಕಳನ್ನು ಬೇರೆ ಶಾಲೆಗೆ ಸೇರಿಸುತ್ತಾರೆ. ದಾಖಲಾತಿ ಮತ್ತಷ್ಟು ಇಳಿಯುತ್ತದೆ. ಸಣ್ಣ ಊರಿನ ಶಾಲೆಗೆ ಇದೇ ದೊಡ್ಡ ಅಪಾಯ. ಈ ಹಂತಕ್ಕೆಂದೇ ರಾಜ್ಯ ಸರ್ಕಾರವು 2022ರಲ್ಲಿ 15,000 ಪದವೀಧರ ಪ್ರಾಥಮಿಕ ಶಿಕ್ಷಕರ ನೇಮಕಾತಿಗೆ ಮುಂದಾಯಿತು. ಕೋವಿಡ್ ಕಾಲದ ಕಲಿಕಾ ನಷ್ಟವನ್ನು ತುಂಬಲು 2022-23ರಲ್ಲಿ ‘ಕಲಿಕಾ ಚೇತರಿಕೆ’ ಕಾರ್ಯಕ್ರಮ ನಡೆಯಿತು.

ಸಮುದಾಯದ ಪಾತ್ರ

ಸರ್ಕಾರಿ ಶಾಲೆಗಳಲ್ಲಿ ಪಾಲಕರನ್ನೊಳಗೊಂಡ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳು 2001ರಿಂದ ರಚನೆಯಾಗುತ್ತಿವೆ. ಗೈರುಹಾಜರಾದ ಮಕ್ಕಳನ್ನು ಮರಳಿ ಕರೆತರುವುದು, ಶಿಕ್ಷಕರ ಕೊರತೆಯನ್ನು ಇಲಾಖೆಯ ಗಮನಕ್ಕೆ ತರುವುದು ಈ ಸಮಿತಿಗಳಿಂದ ನಿರೀಕ್ಷಿತವಾದ ಕೆಲಸಗಳಲ್ಲಿ ಸೇರಿವೆ.